ಹಳೇ ಆಟಕ್ಕೆ ಹಳೇ ವಿಂಡೋಸೇ ಸರಿಹೋಯ್ತು

ಅಟ್ಟದಿಂದ ಪೆಂಟಿಯಂ 3 ಕಂಪ್ಯೂಟರ್ ಇಳಿಸಿ ಮೊದಲು ವಿಂಡೋಸ್ ಎಕ್ಸ್‌ಪಿ ಹಾಕಿದೆ. 1989ರ ಪ್ರಿನ್ಸ್ ಆಫ್ ಪರ್ಷಿಯಾ ಓಡಿತು, ಆದರೆ ಸದ್ದೇ ಇಲ್ಲ. ಕತ್ತಿ ಕಾಳಗ ಮೂಕಿ ಸಿನಿಮಾ ಥರ! ಇಂಥ ಆಟಗಳು ಓಡುತ್ತಿದ್ದದ್ದು ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಮ್ ಮೇಲೆ. ಎಕ್ಸ್‌ಪಿಯಲ್ಲಿ ಅಸಲಿ ಡಾಸ್ ಇಲ್ಲ, ಇರೋದು ಅದರ ಅನುಕರಣೆ ಅಷ್ಟೇ. ಹಾಗಾಗಿ ವಿಂಡೋಸ್ 98 ಸೆಕೆಂಡ್ ಎಡಿಷನ್‌ಗೆ ಬಂದೆ. ಅದರಲ್ಲಿ ನೇರ ಡಾಸ್‌ಗೇ ಬೂಟ್ ಮಾಡಬಹುದು.

ಇಲ್ಲಿ ಇನ್ನೊಂದು ತಾಪತ್ರಯ. ವಿಂಡೋಸ್ ಶುರುವಾಗುವಾಗಲೇ 'ಮೆಮೊರಿ ಸಾಲದು' ಎಂಬ ಸಂದೇಶ. ಇದ್ದದ್ದು 768 ಎಂಬಿ! ತಮಾಷೆ ಅಂದ್ರೆ, ಜಾಸ್ತಿ ಇದ್ದದ್ದೇ ತೊಂದರೆ. 512 ಎಂಬಿ ದಾಟಿದರೆ ವಿಂಡೋಸ್ 98ರ ಡಿಸ್ಕ್ ಕ್ಯಾಶ್ (ಡಿಸ್ಕ್‌ನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ) ವಿಪರೀತ ಜಾಗ ನುಂಗುತ್ತದೆ. ಸಿಸ್ಟಮ್ ಡಾಟ್ ಐಎನ್‌ಐ ಫೈಲಿನಲ್ಲಿ ಕ್ಯಾಶ್‌ಗೆ ಮಿತಿ ಹಾಕಬಹುದಿತ್ತು. ನಾನು ಸೋಮಾರಿ, ಇದ್ದ ಮೂರರಲ್ಲಿ 256 ಎಂಬಿಯ ಎರಡು ರ‍್ಯಾಮ್ ಸುಮ್ನೆ ಕಿತ್ತೆ. ಒಂದೇ ಸಾಕಾಯ್ತು.

ಸದ್ದಿಗೆ ಅಂತ ಸೌಂಡ್ ಬ್ಲಾಸ್ಟರ್ 16 ಕಾರ್ಡ್ ಕೂಡ ಕೂರಿಸಿದೆ. ಆಟದಲ್ಲಿ ಗೇಟು ಧಡ್ ಅಂತ ಬಿದ್ದ ಸದ್ದಿಗೆ ನನ್ನ ತಮ್ಮ ಅಡುಗೆಮನೆಯಿಂದ ಓಡಿಬಂದ.