ಹಳೆಯ ಲೂಗರ್ ಪಿಸ್ತೂಲಿಗೆ ಬೆಲೆ ಕಟ್ಟುವುದು ಹೇಗೆ?

1908ರಲ್ಲಿ ಪಿ.08 ಎಂಬ ಹೆಸರಿನಲ್ಲಿ ಜರ್ಮನ್ ಭೂಸೇನೆ ಸೇರಿದ ಲೂಗರ್ ಪಿಸ್ತೂಲು ಎರಡು ಮಹಾಯುದ್ಧಗಳನ್ನು ಕಂಡಿತು. ಸೋತವರ ಸೊಂಟದಿಂದ ಗೆದ್ದವರ ಚೀಲಕ್ಕೆ ಇಳಿದು ಅಮೆರಿಕ, ಬ್ರಿಟನ್‌ನ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಉಳಿಯಿತು. ಹರಾಜಿನಲ್ಲಿ ಅಕ್ಕಪಕ್ಕ ಇಟ್ಟ ಎರಡು ಲೂಗರ್‌ಗಳು ಅವಳಿಗಳಂತೆ ಕಂಡರೂ ಬೆಲೆಯಲ್ಲಿ ಅಜಗಜಾಂತರ ಇರಬಹುದು. ಅದಕ್ಕೆ ಕಾರಣ ಪಿಸ್ತೂಲಿನ ಮೈಮೇಲೆಯೇ ಕೊರೆದಿರುತ್ತದೆ.

ಖಾಲಿ ಇದೆ ಎಂದು ಯಾರು ಎಷ್ಟೇ ಆಣೆ ಇಟ್ಟರೂ ಮೊದಲು ಗುಂಡು ತುಂಬುವ ಮ್ಯಾಗಜಿನ್ ತೆಗೆಯಿರಿ. ನಂತರ ಮೇಲಿನ ಕೀಲನ್ನು ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರ್‌ನೊಳಗೆ ಕಣ್ಣಾರೆ ನೋಡಿ. ಗುಂಡಿದ್ದರೆ ಮೇಲೆ ಪುಟ್ಟ ಪಟ್ಟಿಯೊಂದು ಎದ್ದು ನಿಂತು, ಅದರ ಪಕ್ಕದಲ್ಲಿ ‘ಗೆಲಾಡೆನ್’ (ಗುಂಡು ತುಂಬಿದೆ) ಎಂಬ ಅಕ್ಷರಗಳು ಕಾಣುತ್ತವೆ. ಅದನ್ನಷ್ಟೇ ನಂಬಿ ಕೂರಬೇಡಿ. ನಳಿಗೆ ಯಾರ ಕಡೆಗೂ ತಿರುಗದಿರಲಿ.

ಮುಂದಿನ ಪ್ರಶ್ನೆ, ಮಾಡಿದವರು ಯಾರು? ಉತ್ತರ ಮೇಲಿನ ಕೀಲಿನ ಮೇಲಿದೆ. ಹೆಣೆದುಕೊಂಡ ಡಿ.ಡಬ್ಲ್ಯೂ.ಎಂ. ಅಕ್ಷರಗಳಿದ್ದರೆ ಅದು ಬರ್ಲಿನ್ ಕಾರ್ಖಾನೆಯದು. ಕಿರೀಟದ ಕೆಳಗೆ ‘ಎರ್ಫುರ್ಟ್’ ಎಂದಿದ್ದರೆ ಸರ್ಕಾರಿ ಶಸ್ತ್ರಾಗಾರದ್ದು. ‘ಎಸ್/42’, ‘42’, ‘ಬಿವೈಎಫ್’ ಇವೆಲ್ಲ ಮೌಸರ್ ಕಂಪನಿಯ ಸಂಕೇತಗಳು. ಇಸವಿ ಚೇಂಬರ್‌ನ ಮೇಲ್ಭಾಗದಲ್ಲಿರುತ್ತದೆ. ಮೌಸರ್‌ನ ಪಿಸ್ತೂಲಿನಲ್ಲಿ ಅಂಕಿಯ ಬದಲು ‘ಕೆ’ ಇದ್ದರೆ 1934, ‘ಜಿ’ ಇದ್ದರೆ 1935. ಕೆಲವದರ ಮೇಲೆ ಹಳೆಯ ಇಸವಿಯ ಜೊತೆಗೆ ‘1920’ ಎಂದೂ ಇರುತ್ತದೆ. ಅದು ನಕಲಿಯ ಗುರುತಲ್ಲ; ಮೊದಲ ಯುದ್ಧದ ನಂತರ ಉಳಿದ ಪಿಸ್ತೂಲುಗಳ ಮೇಲೆ ಜರ್ಮನಿಯ ಆಗಿನ ವೈಮಾರ್ ಸರ್ಕಾರ ಒತ್ತಿದ ಆಸ್ತಿ ಮುದ್ರೆ.

ನಿಜವಾದ ಕೆಲಸ ಶುರುವಾಗುವುದು ಸಂಖ್ಯೆಗಳಿಂದ. ಒಂದು ಭೂತಗನ್ನಡಿ, ಒಳ್ಳೆಯ ಬೆಳಕು ಸಾಕು. ಚೌಕಟ್ಟಿನ ಮುಂಭಾಗ, ಎಡಬದಿ ಮತ್ತು ನಳಿಗೆಯ ಅಡಿಯಲ್ಲಿ ಪೂರ್ಣ ಸಂಖ್ಯೆ ಇರುತ್ತದೆ. ಗರಿಷ್ಠ ನಾಲ್ಕು ಅಂಕಿ. ಹತ್ತು ಸಾವಿರ ದಾಟಿದಾಗ ಒಂದು ಅಕ್ಷರ ಸೇರುತ್ತದೆ. ಸಂಖ್ಯೆ ವರ್ಷವರ್ಷವೂ ಹೊಸದಾಗಿ ಶುರುವಾಗುತ್ತಿದ್ದುದರಿಂದ ಇಸವಿಯಿಲ್ಲದ ಸಂಖ್ಯೆಗೆ ಅರ್ಥವಿಲ್ಲ. ನಳಿಗೆಯ ಅಡಿಯಲ್ಲಿ ಅದರ ಜೊತೆಗೆ ‘8,82’ರಂತಹ ಒಳವ್ಯಾಸದ ಅಳತೆಯೂ ಸಿಗುತ್ತದೆ, ಜರ್ಮನ್ನರ ರೂಢಿಯಂತೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ. ಟ್ರಿಗರ್, ಸುರಕ್ಷಾ ಸನ್ನೆ, ಪಕ್ಕದ ತಟ್ಟೆಯಂತಹ ಸಣ್ಣ ಭಾಗಗಳ ಮೇಲೆ ಕೊನೆಯ ಎರಡು ಅಂಕಿಗಳಷ್ಟೇ ಇರುತ್ತವೆ. ಎಲ್ಲವೂ ಹೊಂದಿದರೆ ಅದೃಷ್ಟ. ಒಂದೆರಡು ತಪ್ಪಿದರೂ ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ. ಮ್ಯಾಗಜಿನ್ ಕೂಡ ಅದೇ ಸಂಖ್ಯೆಯದ್ದಾದರೆ ಬೆಲೆ ಏರುತ್ತದೆ, ಅದು ಅಪರೂಪ.

ಬಣ್ಣದಲ್ಲೇ ಹೆಚ್ಚಿನವರು ಮೋಸ ಹೋಗುವುದು. 1937ರವರೆಗಿನ ಪಿಸ್ತೂಲುಗಳಲ್ಲಿ ಟ್ರಿಗರ್, ಸುರಕ್ಷಾ ಸನ್ನೆಗಳಿಗೆ ಕಾಯಿಸಿ ತಂದ ಹುಲ್ಲುಹಳದಿ ಬಣ್ಣವಿರುತ್ತಿತ್ತು. ನಂತರ ಮೌಸರ್ ಎಲ್ಲವನ್ನೂ ಕಪ್ಪುನೀಲಿ ಮಾಡಿತು. ಹಾಗಾಗಿ 1916ರ ಪಿಸ್ತೂಲಿನ ಟ್ರಿಗರ್ ಕಡುನೀಲಿಯಾಗಿದ್ದರೆ ಯಾರೋ ಮತ್ತೆ ಬಣ್ಣ ಹಾಕಿದ್ದಾರೆ ಎಂದೇ ಅನುಮಾನಿಸಿ. ಮೊದಲ ಯುದ್ಧಕಾಲದ ಪಿಸ್ತೂಲುಗಳಲ್ಲಿ ಕೆಲವು ಮುದ್ರೆಗಳ ಸುತ್ತ ತಿಳಿಬಣ್ಣದ ಉಂಗುರ ಉಳಿದಿರುವುದು ಮೂಲ ಬಣ್ಣದ ಒಳ್ಳೆಯ ಸಾಕ್ಷಿ, ಏಕೆಂದರೆ ಬಣ್ಣ ಹಾಕಿದ ಮೇಲೆ ಮುದ್ರೆ ಒತ್ತುತ್ತಿದ್ದರು. ಸೋವಿಯತ್ ಸೇನೆ ವಶಪಡಿಸಿಕೊಂಡವು ಬಿಡಿಭಾಗಗಳು ಅದಲುಬದಲಾಗಿ, ಹೊಸ ಬಣ್ಣದಲ್ಲಿ ಮಾರುಕಟ್ಟೆಗೆ ಬಂದಿವೆ. ಅವುಗಳಲ್ಲಿ ಹಲವದರ ಮೈಮೇಲೆ ‘ಎಕ್ಸ್’ ಗುರುತಿದೆ, ಅವು ಅಗ್ಗ. ಮನೆಯಲ್ಲಿ ಸಿಕ್ಕಿದ್ದನ್ನು ಹೊಳೆಯುವಂತೆ ಉಜ್ಜಿದರೆ ಅದರ ಬೆಲೆಯನ್ನು ನೀವೇ ಉಜ್ಜಿ ಹಾಕಿದಂತೆ. ತೆಳುವಾಗಿ ಎಣ್ಣೆ ಸವರಿ ಬಿಡಿ.

ನಳಿಗೆಯನ್ನೂ ಅಳೆಯಿರಿ. ಸಾಮಾನ್ಯ ಪಿಸ್ತೂಲಿನದು 100 ಮಿ.ಮೀ., ನೌಕಾಪಡೆಯದು 150, ಫಿರಂಗಿ ದಳದ್ದು 200. ಉದ್ದನೆಯವಕ್ಕೆ ಬೇಡಿಕೆ ಹೆಚ್ಚು, ನಕಲಿಯೂ ಹೆಚ್ಚು. ವಾಯುಪಡೆಗೆಂದು ಕ್ರೀಗ್‌ಹಾಫ್ ಕಂಪನಿ ಮಾಡಿದವು ಕಡಿಮೆ ಸಂಖ್ಯೆಯವು. ಹಾಗಾಗಿ ಅವುಗಳ ಬೆಲೆ ಹೆಚ್ಚು. ಯುದ್ಧದಿಂದ ತಂದ ಸೈನಿಕನಿಗೆ ಮೇಲಧಿಕಾರಿ ಕೊಟ್ಟ, ಸಂಖ್ಯೆ ನಮೂದಿಸಿದ ಅನುಮತಿ ಪತ್ರ ಜೊತೆಗಿದ್ದರೆ ಖರೀದಿದಾರ ಮರುಮಾತಿಲ್ಲದೆ ಹೆಚ್ಚು ಕೊಡುತ್ತಾನೆ. ಬೆಲೆಗೆ ದೊಡ್ಡ ಹರಾಜು ಸಂಸ್ಥೆಗಳ ಹಿಂದಿನ ಮಾರಾಟದ ಪಟ್ಟಿ ನೋಡಿ. ಮಾರುವವನು ಕೇಳಿದ ದರವನ್ನಲ್ಲ, ಮಾರಾಟವಾದ ದರವನ್ನು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕಾನೂನಿನಲ್ಲಿ 1898ರವರೆಗೆ ತಯಾರಾದವು ಮಾತ್ರ ಪುರಾತನ ಬಂದೂಕುಗಳು, ಪಿ.08 ಅದರಲ್ಲಿ ಬರುವುದಿಲ್ಲ. ಭಾರತದಲ್ಲಿ ಪಿ.08ರ 9 ಎಂ.ಎಂ. ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಪರವಾನಗಿ ಸಿಗದ ಗುಂಡಿನ ಅಳತೆ. ಅಜ್ಜ ಸೇನೆಯಲ್ಲಿದ್ದಾಗ ತಂದದ್ದು ಎಂಬ ವಿವರಣೆ ಪರವಾನಗಿಯಾಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುವುದು ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧಕ್ಕೆ. ಭಾರತದಲ್ಲಿ ಪರವಾನಗಿಯಿಲ್ಲದ ಲೂಗರ್ ಮನೆಯಲ್ಲಿ ಸಿಕ್ಕರೆ ಮುಟ್ಟದೆ ಪೊಲೀಸ್ ಠಾಣೆಗೆ ತಿಳಿಸಿ. ಬೆಲೆಯ ವಿಚಾರ ಆಮೇಲೆ.