ಮೊಸರು ಬಿಟ್ಟ ಮೇಲೆ ಹಸಿರು ನಿಂತಿತು

ಹಸಿರು ಬಿಸ್ಕತ್ತು ಮಾಡುತ್ತೇನೆ ಎಂದಾಗ ನಮ್ಮ ಭಾವ ನಕ್ಕಿದ್ದರು. ಅವರದೂ ಬೇಕರಿಯೇ, ಹಾಸನದಲ್ಲಿ. "ಗಿರಾಕಿಗಳು ಬೂಷ್ಟು ಹಿಡಿದಿದೆ ಎಂದುಕೊಂಡು ದುಡ್ಡು ವಾಪಸ್ ಕೇಳುತ್ತಾರೆ, ನೋಡುತ್ತಿರು" ಎಂದಿದ್ದರು. ಒಂದು ವರ್ಷದ ಮಟ್ಟಿಗೆ ಅವರ ಮಾತೇ ನಿಜವಾಗಿತ್ತು. ಈಗ ಶಿವಮೊಗ್ಗದ ನಮ್ಮ ಅಂಗಡಿಯಿಂದ ವಾರಕ್ಕೆ ಸುಮಾರು 35 ಕಿಲೋ ನುಗ್ಗೆಸೊಪ್ಪಿನ ಖಾರ ಬಿಸ್ಕತ್ತು ಹೋಗುತ್ತಿದೆ. ಬಣ್ಣ ಎಳೆಯ ಬಾಳೆ ಎಲೆಯದು, ಕಂದು ಬಣ್ಣದ ಸುಳಿವಿಲ್ಲ. ಓವನ್ ಮುಂದೆ ನಿಂತು ಅನುಭವ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಣ್ಣೆ ಸಕ್ಕರೆ ನಾದುವುದು ಹೇಗೆ ಎಂಬಲ್ಲಿಂದ ಶುರು ಮಾಡುವುದಿಲ್ಲ.

ಎಲ್ಲಕ್ಕೂ ಕಾರಣ ಮಾಚಾ, ಅಂದರೆ ಜಪಾನಿನ ಹಸಿರು ಚಹಾ ಎಲೆಯ ನುಣ್ಣನೆಯ ಪುಡಿ. ನಮ್ಮ ಹಳೆಯ ಗಿರಾಕಿಯೊಬ್ಬರ ಮಗಳು ಬೆಂಗಳೂರಿನಿಂದ ರಜೆಗೆ ಬಂದಿದ್ದಳು. ಹುಟ್ಟುಹಬ್ಬಕ್ಕೆ ಮೊಟ್ಟೆಯಿಲ್ಲದ ಮಾಚಾ ಕೇಕ್ ಬೇಕು ಎಂದಳು. ಇಲ್ಲ ಎನ್ನುವುದು ನನಗೆ ಬಾರದು. 30 ಗ್ರಾಮಿನ ಡಬ್ಬಿ ತರಿಸಿದೆ, 1,100 ರೂಪಾಯಿಯೋ ಏನೋ ಆಯಿತು. ನಮ್ಮ ಮಾಸ್ಟರ್ ಅದನ್ನು "ಮಚ್ಚು ಪುಡಿ" ಎಂದೇ ಕರೆದರು. ಬೆಲೆ ನೋಡಿದವರಿಗೆ ಆ ಹೆಸರು ತಪ್ಪು ಎನಿಸುವುದಿಲ್ಲ. ಎಂದಿನಂತೆ ಮೊಸರು, ಸೋಡಾ ಹಾಕಿ ಸ್ಪಂಜ್ ಮಾಡಿದೆವು. 180 ಡಿಗ್ರಿಯಲ್ಲಿ 40 ನಿಮಿಷ. ಹೊರಬಂದದ್ದು ಸಗಣಿ ಸಾರಿಸಿದ ಅಂಗಳದ ಬಣ್ಣದ ಕೇಕ್. ಉಳಿದಿದ್ದ ಒಂದಿಷ್ಟು ಪುಡಿಯನ್ನು ತಣ್ಣನೆಯ ಕ್ರೀಮಿಗೆ ಕಲಸಿ ಮೇಲೆ ಬಳಿದು ಮಾನ ಉಳಿಸಿಕೊಂಡೆ. ಅರ್ಧ ದುಡ್ಡು ವಾಪಸ್ ಕೊಟ್ಟೆ. ಕ್ರೀಮ್ ಮಾತ್ರ ಮಾರನೆಯ ದಿನವೂ ಹಸಿರಾಗಿಯೇ ಇತ್ತು. ಅದು ನನ್ನ ತಲೆಯಲ್ಲಿ ಕೊರೆಯತೊಡಗಿತು.

ಮಾಚಾದಲ್ಲೇ ಬಿಸ್ಕತ್ತು ಮಾಡಬಹುದಿತ್ತು. ಆದರೆ ಲೆಕ್ಕ ಹಾಕಿ. 1 ಕಿಲೋ ಮೈದಾಕ್ಕೆ 25 ಗ್ರಾಂ ಎಂದರೂ 900 ರೂಪಾಯಿಯ ಪುಡಿ. ನನ್ನ ಖಾರ ಬಿಸ್ಕತ್ತಿನ ಬೆಲೆಯೇ ಕಿಲೋಗೆ 360. ಹಾಗಾಗಿ ನುಗ್ಗೆಸೊಪ್ಪಿಗೆ ಕೈ ಹಾಕಿದೆ. ಹೊಳಲ್ಕೆರೆ ಕಡೆಯ ಪರಿಚಯದ ರೈತರೊಬ್ಬರು ಕಾಯಿಗಾಗಿ ಗಿಡ ಹಾಕಿದ್ದಾರೆ, ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ "ಭಾಗ್ಯ" ತಳಿ. ಗಿಡ ಸವರಿದಾಗ ಬೀಳುವ ಸೊಪ್ಪನ್ನು ಕಿಲೋಗೆ 30 ರೂಪಾಯಿಯಂತೆ ಕೊಡಲು ಒಪ್ಪಿದರು.

ಮೊದಲು ಮಾರುಕಟ್ಟೆಯ ಸಿದ್ಧ ಪುಡಿ ತಂದು ನೋಡಿದ್ದೆ. ಕಿಲೋಗೆ 500ರ ಆಸುಪಾಸು. ಪೊಟ್ಟಣದಲ್ಲೇ ಅದರ ಬಣ್ಣ ಒಣಹುಲ್ಲಿನದು, ಬಾಯಿಗಿಟ್ಟರೆ ಮರಳು. ಬಿಸ್ಕತ್ತು ಅಗಿದರೆ ದನದ ಕೊಟ್ಟಿಗೆಯ ವಾಸನೆ. ಹತ್ತು ಕಿಲೋ ಬಿಸ್ಕತ್ತು ಹಾಳಾಯಿತು. ಆಮೇಲೆ ನಾನೇ ನೆರಳಿನಲ್ಲಿ ಒಣಗಿಸಿದೆ. ಬಣ್ಣ ಸ್ವಲ್ಪ ಸುಧಾರಿಸಿತು, ವಾಸನೆ ಹೋಗಲಿಲ್ಲ. ಅಷ್ಟರಲ್ಲಿ ಜೂನ್ ಬಂತು. ಮಲೆನಾಡಿನ ಸೆರಗಿನಲ್ಲಿ ಕುಳಿತು ಜೂನ್ ತಿಂಗಳಲ್ಲಿ ಸೊಪ್ಪು ಒಣಗಿಸುತ್ತೇನೆ ಎನ್ನುವವನ ಬುದ್ಧಿಯ ಬಗ್ಗೆ ನಾನೇ ಏನೂ ಹೇಳುವುದಿಲ್ಲ. ಮೂರನೆಯ ದಿನಕ್ಕೆ ಬೂಷ್ಟು ಬಂತು. ಭಾವನ ಮಾತು ಬೇರೊಂದು ರೀತಿಯಲ್ಲಿ ನಿಜವಾಯಿತು.

ತೀರ್ಥಹಳ್ಳಿ ಹತ್ತಿರದ ನೆಂಟರ ಮನೆಯಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಇತ್ತು. ಅವರು ಬೇಡವೆಂದರೂ ಕೇಳದೆ ಎರಡು ಮೂಟೆ ಸೊಪ್ಪು ಅದರೊಳಗೆ ಸುರಿದೆ. ಚೆನ್ನಾಗಿಯೇ ಒಣಗಿತು. ಆದರೆ ಹೊಗೆ ಮತ್ತು ಅಡಿಕೆಯ ಒಗರು ಸೊಪ್ಪಿಗೆ ಇಳಿದಿತ್ತು. ಬಿಸ್ಕತ್ತು ತಿಂದವರೊಬ್ಬರು "ಎಲೆ, ಸುಣ್ಣ ಎಲ್ಲಿ?" ಎಂದು ಕೇಳಿದರು. ಕೊನೆಗೆ 22 ಸಾವಿರಕ್ಕೆ ಹಳೆಯ ಟ್ರೇ ಡ್ರೈಯರ್ ಒಂದನ್ನು ಕೊಂಡೆ. ಥರ್ಮೋಸ್ಟಾಟ್ ಕೆಟ್ಟಿತ್ತು, ಅದಕ್ಕೆ ಇನ್ನೂ 3 ಸಾವಿರ. ಮನೆಯಲ್ಲಿ ಎರಡು ದಿನ ನನ್ನೊಂದಿಗೆ ಮಾತಿರಲಿಲ್ಲ.

ಹಾದಿ ಸಿಕ್ಕಿದ್ದು ಜಪಾನಿನವರು ಏನು ಮಾಡುತ್ತಾರೆಂದು ಓದಿದಾಗ. ಉಜಿ, ನಿಶಿಯೊ ಕಡೆ ಮಾಚಾಕ್ಕೆ ಬೆಳೆಯುವ ಚಹಾ ಗಿಡಗಳಿಗೆ ಕೊಯ್ಲಿಗೆ ಮೂರು ವಾರ ಮೊದಲೇ ನೆರಳು ಕಟ್ಟುತ್ತಾರೆ. ಕೊಯ್ದ ಎಲೆಯನ್ನು ಕೂಡಲೇ ಕೆಲವೇ ಸೆಕೆಂಡು ಆವಿಗೆ ಹಿಡಿಯುತ್ತಾರೆ, ಒಣಗಿಸುತ್ತಾರೆ, ಕಡ್ಡಿ ಮತ್ತು ನರ ತೆಗೆದು ಕಲ್ಲಿನಲ್ಲಿ ಬೀಸುತ್ತಾರೆ. ಇದರಲ್ಲಿ ನನ್ನ ಕಣ್ಣು ಹೋದದ್ದು ಆವಿಯ ಮೇಲೆ. ನಾವು ಸೊಪ್ಪನ್ನು ಹಸಿಯಾಗಿಯೇ ಒಣಗಿಸುತ್ತೇವೆ. ಅದು ನಿಧಾನವಾಗಿ ಸಾಯುತ್ತಾ ಬಣ್ಣ ಕಳೆದುಕೊಳ್ಳುತ್ತದೆ, ಆ ಹಸಿ ವಾಸನೆಯೂ ಆಗಲೇ ಹುಟ್ಟುತ್ತದೆ. ಆವಿ ತಗುಲಿದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

"ಒಣಗಿಸಬೇಕಾದ ಸೊಪ್ಪನ್ನು ಯಾರಾದರೂ ಒದ್ದೆ ಮಾಡುತ್ತಾರಾ ಅಣ್ಣಾ? ಕೊಳೆಯುತ್ತದೆ" ಎಂದರು ಮಾಸ್ಟರ್. ನಮ್ಮ ಬೀದಿಯ ಸೊಪ್ಪಿನವರೂ ಅದನ್ನೇ ಹೇಳಿದರು. ನಾನು ಮನೆಯ ದೊಡ್ಡ ಇಡ್ಲಿ ಪಾತ್ರೆ ಹೊತ್ತು ತಂದೆ. ತಟ್ಟೆಯ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಬಿಡಿಸಿದ ಸೊಪ್ಪು ತೆಳುವಾಗಿ. ನೀರು ಜೋರಾಗಿ ಕುದಿಯುವಾಗ ಒಳಗಿಟ್ಟು ಮುಚ್ಚಳ ಹಾಕಬೇಕು. ಮೊದಲ ಸಲ ಮೂರು ನಿಮಿಷ ಬಿಟ್ಟೆ, ಪಲ್ಯವಾಯಿತು. 20 ಸೆಕೆಂಡಿಗೆ ತೆಗೆದರೆ ವಾಸನೆ ಉಳಿಯಿತು. ಈಗ 45 ಸೆಕೆಂಡಿನಿಂದ ಒಂದು ನಿಮಿಷದೊಳಗೆ ತೆಗೆಯುತ್ತೇನೆ, ಎಲೆ ಎಷ್ಟು ಬಲಿತಿದೆ ಎಂಬುದರ ಮೇಲೆ. ತೆಗೆದ ಕೂಡಲೇ ಟೇಬಲ್ ಫ್ಯಾನಿನ ಕೆಳಗೆ ಹರಡಬೇಕು. ಇಲ್ಲಿ ಎರಡು ನಿಮಿಷ ಉದಾಸೀನ ಮಾಡಿದರೂ ತನ್ನ ಬಿಸಿಯಲ್ಲಿ ತಾನೇ ಬೆಂದು ಕಪ್ಪಾಗುತ್ತದೆ. ಆಮೇಲೆ ಡ್ರೈಯರಿನಲ್ಲಿ 50 ಡಿಗ್ರಿ, ನಾಲ್ಕೈದು ಗಂಟೆ. ಹಪ್ಪಳದಂತೆ ಸದ್ದು ಮಾಡಿ ಮುರಿದರೆ ಆಯಿತು.

ನಡುವೆ ಮಾಸ್ಟರ್ ತಮ್ಮದೊಂದು ವಿದ್ಯೆ ತೋರಿಸಿದರು. ಕುದಿನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಅದರಲ್ಲಿ ಸೊಪ್ಪು ಅದ್ದಿದರು. ಬಣ್ಣ ಎಂದರೆ ಬಣ್ಣ, ಗಿಳಿಯ ರೆಕ್ಕೆ! ಬಾಯಿಗಿಟ್ಟರೆ ಬಟ್ಟೆ ಸೋಪು. ಬಿಸ್ಕತ್ತಿಗೆ ಹಾಕಿದಾಗ ಅಂಚುಗಳು ಎಂದಿಗಿಂತ ಬೇಗ ಕೆಂಪಾದವು. ಆ ಪುಡಿಯನ್ನು ಎಸೆದೆವು, ಮಾಸ್ಟರ್ ಮುಖ ನೋಡದೆ.

ಬೀಸುವ ಕಥೆ ಇನ್ನೂ ಉದ್ದ. ಹಿಟ್ಟಿನ ಗಿರಣಿಯವರನ್ನು ಕಾಡಿ ಬೇಡಿ ಒಂದು ಮಧ್ಯಾಹ್ನ 2 ಕಿಲೋ ಒಣಸೊಪ್ಪು ಹಾಕಿಸಿದೆ. ನನ್ನ ನಂತರ ಅಕ್ಕಿ ಬೀಸಿಸಲು ಬಂದವರ ಮನೆಯಲ್ಲಿ ಅಂದು ಹಸಿರು ರೊಟ್ಟಿ. ಅವರಿಗೆ ಅಕ್ಕಿ ಕೊಡಿಸಿದೆ, ಗಿರಣಿಯ ಬಾಗಿಲು ನನಗೆ ಮುಚ್ಚಿತು. ಜಪಾನಿನ ಕಲ್ಲಿನ ನೆನಪಾಗಿ ಅಟ್ಟದಿಂದ ಅಜ್ಜಿಯ ಬೀಸುವ ಕಲ್ಲು ಇಳಿಸಿದೆ. ಅಲ್ಲಿ ಒಂದು ಕಲ್ಲು ಗಂಟೆಗೆ 30–40 ಗ್ರಾಂ ಮಾಚಾ ಬೀಸುತ್ತದಂತೆ. ನನಗೆ ಒಂದು ಗಂಟೆಗೆ 60 ಗ್ರಾಂ ಬಂತು, ಗೆದ್ದೆ ಎಂದುಕೊಂಡೆ. ಜರಡಿ ಹಿಡಿದರೆ ಮುಕ್ಕಾಲು ಪಾಲು ತರಿ. "ಅಷ್ಟು ಹೊತ್ತು ರಾಗಿ ಬೀಸಿದ್ದರೆ ಎರಡು ದಿನದ ಮುದ್ದೆಗಾಗುತ್ತಿತ್ತಲ್ಲೋ" ಎಂದರು ಅಮ್ಮ. ಕಲ್ಲು ಮತ್ತೆ ಅಟ್ಟ ಸೇರಿತು.

ಕೊನೆಗೆ ಒಗ್ಗಿದ್ದು ಮಿಕ್ಸಿಯೇ. 20 ಸೆಕೆಂಡು ಓಡಿಸುವುದು, ನಿಲ್ಲಿಸುವುದು, ಜಾರ್ ಮುಟ್ಟಿ ನೋಡುವುದು. ಜಾರ್ ಬೆಚ್ಚಗಾದರೆ ಪುಡಿ ಮಂಕಾಗುತ್ತದೆ. ಅದಕ್ಕೇ ಮೂರು ಜಾರ್‌ಗಳನ್ನು ಸರದಿಯ ಮೇಲೆ ಬಳಸುತ್ತೇನೆ. ಇದನ್ನು ಕಲಿಯುವುದರೊಳಗೆ ಎರಡು ಮೋಟಾರ್ ಸುಟ್ಟಿದ್ದವು. ಒಣಗಿದ ಎಲೆಯನ್ನು ಮೊದಲು ಕೈಯಲ್ಲಿ ತಿಕ್ಕಿ, ಕಡ್ಡಿ ಕೇರಿ ತೆಗೆದಿರಬೇಕು. ಮರಳಿನಂತೆ ಹಲ್ಲಿಗೆ ಸಿಗುವುದು ಆ ಕಡ್ಡಿಯೇ, ಎಲೆಯಲ್ಲ. 100 ಮೆಶ್, ಅಂದರೆ ಅಂಗುಲಕ್ಕೆ ನೂರು ಕಣ್ಣಿನ ಜರಡಿಯಲ್ಲಿ ಇಳಿದದ್ದು 150 ಮೈಕ್ರಾನಿನ ಪುಡಿ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್), ಅದೂ ದಪ್ಪವೇ. ಆಯುರ್ವೇದದವರು ಚೂರ್ಣವನ್ನು ವಸ್ತ್ರಗಾಳಿತ ಮಾಡುತ್ತಾರಲ್ಲ, ಹಾಗೆಯೇ ಹಳೆಯ ಮೆತ್ತನೆಯ ಪಂಚೆಯನ್ನು ಪಾತ್ರೆಯ ಬಾಯಿಗೆ ಬಿಗಿದು ಕೈಯಾಡಿಸಿದೆ. ಮಾಚಾದ ಕಣ 10 ಮೈಕ್ರಾನಿನ ಹತ್ತಿರ ಎನ್ನುತ್ತಾರೆ. ನನ್ನದು ಅಲ್ಲಿಗೆ ಮುಟ್ಟಿಲ್ಲ, ಆದರೆ ಬೆರಳಿಗೆ ಹಚ್ಚಿದರೆ ರೇಖೆಗಳೊಳಗೆ ಕೂರುತ್ತದೆ. ಬಿಸ್ಕತ್ತಿಗೆ ಅಷ್ಟು ಸಾಕು.

12 ಕಿಲೋ ಸೊಪ್ಪಿಗೆ ಸರಿಸುಮಾರು 1 ಕಿಲೋ ಪುಡಿ. ಅದರಲ್ಲಿ ಬಟ್ಟೆ ದಾಟುವುದು 650 ಗ್ರಾಂ. ಸೊಪ್ಪು ಬಿಡಿಸುವ ಕೂಲಿ, ಕರೆಂಟು ಎಲ್ಲ ಸೇರಿ ನುಣ್ಣನೆಯ ಪುಡಿ ಕಿಲೋಗೆ 1,500–1,600 ಬೀಳುತ್ತದೆ. ಬಟ್ಟೆಯ ಮೇಲೆ ಉಳಿದ ತರಿಯನ್ನು ಕಡಲೆಬೇಳೆ, ಹುಣಸೆಹಣ್ಣು ಸೇರಿಸಿ ಚಟ್ನಿಪುಡಿ ಮಾಡುತ್ತೇನೆ. ಅಲ್ಲಿ ಬಣ್ಣ ಯಾರಿಗೂ ಬೇಡ. ಕೂಲಿಯ ಬಹುಪಾಲು ಅದರಲ್ಲೇ ಹುಟ್ಟುತ್ತದೆ.

ಇಷ್ಟೆಲ್ಲಾ ಮಾಡಿದ ಪುಡಿಯನ್ನು ಹಾಕಿ ಬಿಸ್ಕತ್ತು ಬೇಯಿಸಿದೆ. ಕಂದು! ತಲೆ ಕೆಟ್ಟುಹೋಯಿತು. ಓವನ್ ಬದಲಿಸಿದೆ, ಟ್ರೇ ಬದಲಿಸಿದೆ, ಬೆಣ್ಣೆ ಬದಲಿಸಿದೆ, ನಾಲ್ಕು ತಿಂಗಳು. ಒಂದು ರಾತ್ರಿ ಅಮ್ಮ ಒಂದೆಲಗದ ತಂಬುಳಿ ಬಡಿಸಿದರು, ಮಧ್ಯಾಹ್ನವೇ ಮಜ್ಜಿಗೆ ಸೇರಿಸಿಟ್ಟದ್ದು. ಸೊಪ್ಪಿನ ಬಣ್ಣ ಮಂಕಾಗಿತ್ತು. ತಟ್ಟೆ ಅಲ್ಲೇ ಬಿಟ್ಟು ಬೇಕರಿಗೆ ಓಡಿದೆ. ಖಾರ ಬಿಸ್ಕತ್ತಿಗೆ ನಾವು ಮೊಸರು ಹಾಕುತ್ತೇವೆ! ಹುಳಿ ಮುಟ್ಟಿದರೆ ಹಸಿರು ಸಾಯುತ್ತದೆ. ಇದನ್ನು ಹುರುಳಿಕಾಯಿ ಪಲ್ಯಕ್ಕೆ ಹುಣಸೆ ಹಾಕಿದವರೆಲ್ಲ ನೋಡಿದ್ದಾರೆ, ನಾನೂ ನೋಡಿದ್ದೆ.

ಮೊಸರಿಲ್ಲದೆ ಖಾರ ಬಿಸ್ಕತ್ತೇ ಅಲ್ಲ ಎಂದು ಮಾಸ್ಟರ್ ಹಟ ಹಿಡಿದರು. ಅವರು ಹೇಳಿದ್ದರಲ್ಲಿ ನಿಜವಿತ್ತು, ಹಾಲು ಹಾಕಿ ಮಾಡಿದ್ದು ಸಪ್ಪೆಯಾಗಿತ್ತು. ಆ ಹುಳಿಯನ್ನು ನಾನು ಬೇರೆ ದಾರಿಯಿಂದ ತಂದಿದ್ದೇನೆ. ಅದು ಹಿಟ್ಟಿನೊಳಗಿಂದ ಬರುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಉಳಿದದ್ದು ನನ್ನ ಅಂಗಡಿಯ ಗುಟ್ಟು.

ಈಗಿನ ಅಳತೆ ಇದು: 1 ಕಿಲೋ ಮೈದಾಕ್ಕೆ 450 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, 25 ಗ್ರಾಂ ಹಸಿರು ಪುಡಿ, 150 ಮಿಲಿ ಹಾಲು. ಮೆಣಸಿನಕಾಯಿ, ಉಪ್ಪು ನಿಮ್ಮ ಊರಿನ ನಾಲಗೆಯಂತೆ. ಹಸಿರು ಪುಡಿಯನ್ನು ಮೊದಲು ಪುಡಿ ಸಕ್ಕರೆಯೊಂದಿಗೆ ಜರಡಿ ಹಿಡಿದು, ಆಮೇಲೆ ಬೆಣ್ಣೆಗೆ ನಾದಬೇಕು. ನೇರ ಹಾಲಿಗೆ ಹಾಕಿದರೆ ಗಂಟು ಬಿಡಿಸುವುದು ದೇವರಿಗೂ ಆಗದು. ಸಕ್ಕರೆಯ ಜಾಗಕ್ಕೆ ಬೆಲ್ಲ ಬೇಡ, ಬಣ್ಣ ಕೆಡುತ್ತದೆ. ಸೋಡಾ ತೆಗೆದು ಬೇಕರಿ ಅಮೋನಿಯಾ (ಬಿಸ್ಕತ್ತು ಉಬ್ಬಿಸುವ ಅಮೋನಿಯಂ ಬೈಕಾರ್ಬನೇಟ್ ಪುಡಿ) ಹಾಕುತ್ತೇನೆ, 5 ಗ್ರಾಂ. ತೆಳ್ಳಗೆ ಲಟ್ಟಿಸಿದರೆ ಅದರ ವಾಸನೆ ಪೂರ್ತಿ ಹಾರಿಹೋಗುತ್ತದೆ, ದಪ್ಪ ಮಾಡಿದರೆ ಉಳಿಯುತ್ತದೆ. 150 ಡಿಗ್ರಿಯಲ್ಲಿ 20–22 ನಿಮಿಷ, ಕೊನೆಯ ಅರ್ಧ ಹೊತ್ತು ಮೇಲೊಂದು ಟ್ರೇ ಬೋರಲು. ಆಮೇಲೆ ಓವನ್ ಆರಿಸಿ, ಇಳಿಯುವ ಬಿಸಿಯಲ್ಲಿ ಗರಿಗರಿಯಾಗಲು ಬಿಡುತ್ತೇನೆ.

ನೆರಳಿನ ಪ್ರಯೋಗವನ್ನೂ ಬಿಡಲಿಲ್ಲ. ಹಿತ್ತಲಿನ ಎರಡು ನುಗ್ಗೆ ಗಿಡಗಳಿಗೆ ಹದಿನೈದು ದಿನ ನೆರಳು ಬಲೆ ಕಟ್ಟಿದೆ. ಎಲೆ ತೆಳ್ಳಗಾಗಿ ಕಡು ಹಸಿರಾಯಿತು, ನಿಜ. ಆದರೆ ಇಳುವರಿ ಅರ್ಧಕ್ಕಿಳಿಯಿತು, ಬಲೆಯೊಳಗೆ ಕಂಬಳಿಹುಳುಗಳು ಸಂಸಾರ ಹೂಡಿದವು. ಪುದೀನ ಒಣಗಿಸಿದರೆ ಕಪ್ಪು. ದೊಡ್ಡಪತ್ರೆ ಒಣಗುವುದೇ ಇಲ್ಲ. ಕರಿಬೇವಿನ ಪರಿಮಳ ಸೊಗಸು, ಬಣ್ಣ ಸಾಧಾರಣ. ಪಾಲಕ್‌ಗೆ ರುಚಿ ಇಲ್ಲ, ಬಣ್ಣವಿದೆ. ನುಗ್ಗೆಯ ಘಾಟು ಇಳಿಸಲು ಅದನ್ನು ಸ್ವಲ್ಪ ಬೆರೆಸುತ್ತೇನೆ. ಪೊಟ್ಟಣದ ಮೇಲೆ ಪಾಲಕ್ ಎಂದು ಬರೆದಿರುತ್ತೇನೆ, ಪ್ರಮಾಣ ಮಾತ್ರ ಕೇಳಬೇಡಿ. ಜಪಾನಿನಲ್ಲೂ ಬೇಕರಿಗೆಂದು ಮಾರುವ ಕೆಲವು ಮಾಚಾ ಪುಡಿಗಳಿಗೆ ಬಣ್ಣ ನಿಲ್ಲಲೆಂದು ಕ್ಲೋರೆಲ್ಲಾ ಎಂಬ ಪಾಚಿಯ ಪುಡಿ ಸೇರಿಸುತ್ತಾರೆ, ಹಾಗಾಗಿ ನನಗೇನೂ ನಾಚಿಕೆಯಿಲ್ಲ.

ಗಾಜಿನ ಜಾಡಿಯಲ್ಲಿಟ್ಟು ಬೀದಿಗೆ ಕಾಣುವಂತೆ ಮೆರೆಸಿದ್ದೂ ಒಂದು ತಪ್ಪು. ಬಿಸಿಲಿಗೆ ಮುಖ ಮಾಡಿದ ಬಿಸ್ಕತ್ತುಗಳು ನಾಲ್ಕು ದಿನಕ್ಕೆ ಹುಲ್ಲಿನ ಬಣ್ಣಕ್ಕೆ ತಿರುಗಿದವು. ಈಗ ಸರಕು ಸ್ಟೀಲ್ ಡಬ್ಬಿಯಲ್ಲಿ, ಜಾಡಿಯಲ್ಲಿ ತೋರಿಕೆಗೆ ಹತ್ತು ಮಾತ್ರ. ಪುಡಿಯನ್ನು ಫ್ರಿಜ್‌ನಲ್ಲಿಡುವವರು ಹೊರತೆಗೆದ ಕೂಡಲೇ ಡಬ್ಬಿ ತೆರೆಯಬೇಡಿ. ಮಳೆಗಾಲದ ಗಾಳಿಯ ತೇವವನ್ನೆಲ್ಲ ಅದು ಹೀರುತ್ತದೆ. ಒಂದು ಕಿಲೋ ಹಾಗೆಯೇ ಗಂಟು ಕಟ್ಟಿತ್ತು.

"ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಬರೆಯಿರಿ, ಎರಡರಷ್ಟು ಹೋಗುತ್ತದೆ" ಎಂದು ಸಲಹೆ ಕೊಟ್ಟವರು ಬಹಳ ಮಂದಿ. ಮೈದಾ ಬೆಣ್ಣೆ ತುಂಬಿದ ಬಿಸ್ಕತ್ತಿಗೆ ಅಂಥ ಮಾತು ಬರೆಯಲು ನನಗೆ ಕೈ ಬರುವುದಿಲ್ಲ. ಕಿಲೋಗೆ 480 ಇಟ್ಟಿದ್ದೇನೆ, ಪುಡಿಯ ಖರ್ಚು ಕಿಲೋ ಬಿಸ್ಕತ್ತಿಗೆ 27 ರೂಪಾಯಿ. ಕಳೆದುಕೊಂಡ 70 ಸಾವಿರದಲ್ಲಿ ಮುಕ್ಕಾಲು ಪಾಲು ವಾಪಸ್ ಬಂದಿದೆ.

ಕಳೆದ ತಿಂಗಳು ಭಾವ ಫೋನ್ ಮಾಡಿ ಎರಡು ಕಿಲೋ ಪುಡಿ ಕೇಳಿದರು. ಕಿಲೋಗೆ 2,200 ಎಂದೆ. ನೆಂಟಸ್ತಿಕೆಯ ದರ ಯಾವುದು ಎಂದರು. ಅದೇ ನೆಂಟಸ್ತಿಕೆಯ ದರ ಎಂದೆ. ಕಳಿಸಿ ಹತ್ತು ದಿನವಾದ ಮೇಲೆ ಮತ್ತೆ ಫೋನ್: "ಬಿಸ್ಕತ್ತು ಕಂದಾಗುತ್ತಿದೆಯಲ್ಲೋ, ಪುಡಿ ಹಳೆಯದು ಕೊಟ್ಟೆಯಾ?" ಮೊಸರು ಎಷ್ಟು ಹಾಕುತ್ತೀರಿ ಎಂದು ಕೇಳಿದೆ.