ಕನ್ನಡಿಯಲ್ಲಿ ಬಿಸಿಲು ಹಿಡಿದು ತೆಗೆದ ಪ್ರೇಮಗೀತೆ

ನಮ್ಮ ಕಿರುಚಿತ್ರಕ್ಕೆ ಕಪ್ಪು-ಬಿಳುಪಿನ ಒಂದು ಹಾಡು ಬೇಕಿತ್ತು. ಐವತ್ತರ ದಶಕದ ಪ್ರೇಮಚಿತ್ರಗಳ ಹಾಗೆ, ಪ್ರೀತಿ ಇದೆ, ಆದರೆ ಇವರು ಒಂದಾಗುವುದಿಲ್ಲ ಅನ್ನುವುದು ಮಾತಿಲ್ಲದೆ ಗೊತ್ತಾಗಬೇಕು. ಬಿಸಿಲನ್ನೇ ಕನ್ನಡಿಯಿಂದ ನಾವು ಶೂಟ್ ಮಾಡುವ ಗೋದಾಮಿನೊಳಗೆ ತರುತ್ತೇನೆ ಅಂದಾಗ ನಿರ್ಮಾಪಕರು, ‘ಈ ಕಾಲದಲ್ಲಿ ಕನ್ನಡಿ ಹಿಡ್ಕೊಂಡು ಯಾರು ಸಾರ್ ಶೂಟ್ ಮಾಡ್ತಾರೆ?’ ಅಂದರು. ಲೈಟಿಂಗ್ ತಂಡದ ಮುಖ್ಯಸ್ಥರಾದ ಗ್ಯಾಫರ್ ಕೂಡ ಅವರ ಕಡೆಗೇ ನಿಂತರು. ಈಗ ಶಾಟ್ ನೋಡಿದವರೆಲ್ಲ ಯಾವ ಲೈಟ್ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ದಾರಿ ತೋರಿಸಿದವರು ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ. ಗುರುದತ್ತರ 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ಗೆ ಅವರು ಎರಡು ಕನ್ನಡಿ ಇಟ್ಟು ಬಿಸಿಲುಕೋಲನ್ನು ಸ್ಟುಡಿಯೋದೊಳಗೆ ಇಳಿಸಿದ್ದು ನಿಮಗೆಲ್ಲ ಗೊತ್ತಿರುವುದೇ. ಎಲ್ಲರೂ ಆ ಕೋಲನ್ನು ಹೊಗಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಅಕ್ಕಪಕ್ಕದ ಕತ್ತಲೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಅಷ್ಟು ಅಗಲದ ಫ್ರೇಮಿನಲ್ಲಿ ಇಬ್ಬರ ನಡುವಿನ ಖಾಲಿ ಜಾಗವೇ ವಿರಹವನ್ನು ಹೇಳಿಬಿಡುತ್ತದೆ.

ಮೊದಲು ಎಲ್ಲರ ಮಾತಿನಂತೆ ಎಲ್‌ಇಡಿಯಲ್ಲೇ ನೋಡಿದೆವು. ಬೆಳಕನ್ನು ಒಟ್ಟುಗೂಡಿಸುವ ಫ್ರೆನೆಲ್ ಲೆನ್ಸ್ ಹಾಕಿದರೂ ಬೆಳಕು ಕೆಳಗಿಳಿಯುತ್ತ ಲಂಗದ ಹಾಗೆ ಅಗಲವಾಗುತ್ತಿತ್ತು. ಆಮೇಲೆ 4 ಕಿಲೋವ್ಯಾಟಿನ ಎಚ್‌ಎಂಐ ಅನ್ನುವ ದೊಡ್ಡ ಸಿನಿಮಾ ಲೈಟ್ ತರಿಸಿದೆವು. ಜನರೇಟರ್, ಡೀಸೆಲ್, ಹುಡುಗರ ಬಾಟಾ (ದಿನಭತ್ಯೆ) ಎಲ್ಲ ಸೇರಿ 55 ಸಾವಿರದ ಹತ್ತಿರ ಹೋಯಿತು. ಆದರೂ ಮೇಲೆ ಕಣ್ಣು ಕುಕ್ಕುವಷ್ಟು ಬೆಳಕು, ಮುಖದ ಮಟ್ಟಕ್ಕೆ ಬರುವಷ್ಟರಲ್ಲಿ ಸಪ್ಪೆ. ಲೈಟ್ ಹತ್ತಿರ ಇದ್ದರೆ ಅದರ ಹಣೆಬರಹವೇ ಅಷ್ಟು. ಸೂರ್ಯ ಕೋಟಿಗಟ್ಟಲೆ ಮೈಲಿ ದೂರ, ಹಾಗಾಗಿ ಕೋಲಿನ ತುದಿಗೂ ಬುಡಕ್ಕೂ ಹೆಚ್ಚುಕಡಿಮೆ ಒಂದೇ ಎಕ್ಸ್‌ಪೋಶರ್.

ಕನ್ನಡಿಗೆ ಬಂದ ಖರ್ಚು, 3x4 ಅಡಿಯ ಎರಡು, ಹಿಂದೆ ಪ್ಲೈವುಡ್, ವೆಲ್ಡಿಂಗ್ ಮಾಡಿಸಿದ ಸ್ಟ್ಯಾಂಡ್ ಸಮೇತ, ಒಂಬತ್ತೋ ಹತ್ತೋ ಸಾವಿರ. ಒಂದು ಅಂಗಳದಲ್ಲಿ, ಇನ್ನೊಂದು ಗೋದಾಮಿನ ತೊಲೆಯ ಮೇಲೆ, ನಡುವೆ ಸುಮಾರು 40 ಅಡಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅಷ್ಟು ದೂರದಲ್ಲಿ ಬೆಳಕು ನಿಮಿಷಕ್ಕೆ ಎರಡು ಇಂಚು ಜಾರುತ್ತದೆ. ಮೇಲಿನ ಕನ್ನಡಿಯನ್ನು ಒಮ್ಮೆ ಬಿಗಿ ಮಾಡಿದ ಮೇಲೆ ಮುಟ್ಟಲೇಬಾರದು. ಅದರ ಚೌಕಟ್ಟಿಗೆ ಟೇಪ್ ಗುರುತು ಹಾಕಿ, ಕೆಳಗಿನದನ್ನು ಮಾತ್ರ ತಿರುಗಿಸುತ್ತಾ ಬೆಳಕನ್ನು ಆ ಗುರುತಿನೊಳಗೆ ಇಟ್ಟರೆ ಕೋಲು ಅಲುಗುವುದಿಲ್ಲ. ಅಷ್ಟು ನವಿರಾಗಿ ತಿರುಗಲು ಕೆಳಗಿನದಕ್ಕೆ ಏನು ಜೋಡಿಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೋಲು ಕಣ್ಣಿಗೆ ಕಾಣಬೇಕಾದರೆ ಗಾಳಿಯಲ್ಲಿ ಹೊಗೆ ಬೇಕು. ಅದಕ್ಕೆ ಬಾಡಿಗೆ ಮೆಷಿನ್ ಬೇಡ. ಅದರ ಹೊಗೆ ಮೋಡಮೋಡವಾಗಿ ನಿಲ್ಲುತ್ತದೆ. ಸಾಂಬ್ರಾಣಿ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ಹತ್ತು ನಿಮಿಷ ಯಾರೂ ಓಡಾಡದಿದ್ದರೆ ತೆಳ್ಳಗೆ, ಒಂದೇ ಸಮ ಹರಡಿಕೊಳ್ಳುತ್ತದೆ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಡಿಐನಲ್ಲಿ, ಅಂದರೆ ಶೂಟಿಂಗ್ ಆದ ಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವ ಹಂತದಲ್ಲಿ, ಕಪ್ಪು-ಬಿಳುಪು ಮಾಡುವಾಗ ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಬರೀ ಕೆಂಪನ್ನು ತೆಗೆದುಕೊಂಡು ನೋಡಿದೆ. ಚರ್ಮ ಹಾಲಿನಂತೆ ನುಣುಪಾಯಿತು, ಆದರೆ ನಾಯಕಿಯ ಹಣೆಯ ಕುಂಕುಮವೇ ಮಾಯ! ಹಸಿರಿನಲ್ಲಿ ಕುಂಕುಮ, ತುಟಿ ಎರಡೂ ಕಪ್ಪಗೆ ಎದ್ದು ಬಂದವು, ಜೊತೆಗೆ ಮೊಡವೆಯ ಕಲೆಗಳೂ. ಕೊನೆಗೆ ಎರಡನ್ನೂ ಬೆರೆಸಿದೆ, ಹಸಿರು ಸ್ವಲ್ಪ ಜಾಸ್ತಿ.

ನನಗೆ ನಿಜವಾಗಿ ಹೆಮ್ಮೆ ಇರುವುದು ಅವಳ ಕ್ಲೋಸಪ್ ಬಗ್ಗೆ. ಕೋಲು ಬೀಳುವ ಜಾಗದಲ್ಲಿ ಬಿಳಿ ಪಂಚೆ ಹಾಸಿದ್ದೆವು, ಅಲ್ಲಿಂದ ಪುಟಿದ ಬೆಳಕೇ ಒಂದು ಕೆನ್ನೆಗೆ ಕೀ, ಅಂದರೆ ಮುಖ್ಯ ಬೆಳಕು. ಇನ್ನೊಂದು ಕೆನ್ನೆಗೆ ಥರ್ಮಾಕೋಲ್ ಹಾಳೆಯಿಂದ ಪುಟಿದ ಬೆಳಕು. 50 ಎಂಎಂ ಲೆನ್ಸ್, ಕ್ಯಾಮೆರಾ ಟ್ರಾಲಿ ಅವಳಿಂದ ಆರಡಿಯಿಂದ ಮೂರಡಿಗೆ, ಇಪ್ಪತ್ತೈದು ಸೆಕೆಂಡ್ ಆಸುಪಾಸು. ನಿರ್ದೇಶಕರು ಜೂಮ್ ಸಾಕು ಅಂದಿದ್ದರು. ಜೂಮ್‌ನಲ್ಲಿ ಅವಳ ಜೊತೆ ಹಿಂದಿನ ಗೋಡೆಯೂ ಅಷ್ಟೇ ದೊಡ್ಡದಾಗುತ್ತದೆ. ಟ್ರಾಲಿಯಲ್ಲಿ ನಾವು ಅವಳ ಹತ್ತಿರ ಹೋಗುತ್ತೇವೆ, ಗೋಡೆ ಹಿಂದೆಯೇ ಉಳಿಯುತ್ತದೆ, ಅವಳು ಒಂಟಿಯಾಗುತ್ತಾಳೆ. ಟ್ರಾಲಿ ಹೊರಟ ಮೇಲೆ ಥರ್ಮಾಕೋಲ್ ಹಿಡಿದಿದ್ದ ಹುಡುಗ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಆ ಕೆನ್ನೆ ನಿಧಾನವಾಗಿ ಕತ್ತಲಿಗಿಳಿಯಿತು. ಕಣ್ಣಿನಲ್ಲಿ ಹೊಳೆಯುವ ಬೆಳಕಿನ ಚುಕ್ಕೆ ಮಾತ್ರ ಆರದಂತೆ ಕ್ಯಾಮೆರಾ ಮೇಲೆ ಚಿಕ್ಕ ಬಲ್ಬ್ ಇಟ್ಟಿದ್ದೆ. ಅವಳು ರೆಪ್ಪೆ ಕೂಡ ಬಡಿಯಲಿಲ್ಲ, ಆದರೂ ನೋಡಿದವರೆಲ್ಲ ‘ಅಲ್ಲೇ ಅವಳು ಅವನನ್ನ ಬಿಟ್ಟುಕೊಟ್ಟಳು’ ಅನ್ನುತ್ತಾರೆ. ನಿರ್ಮಾಪಕರೂ ಎಡಿಟಿಂಗ್ ರೂಮಿನಲ್ಲಿ ಅದನ್ನೇ ಅಂದರು.

ಹುಡುಗ ಸರಿಯುವ ವೇಗವನ್ನು ಹಾಡಿನ ತಾಳಕ್ಕೆ ಕೂರಿಸಬೇಡಿ, ಕೂರಿಸಿದರೆ ಲೈಟಿಂಗ್ ಕಣ್ಣಿಗೆ ಹೊಡೆಯುತ್ತದೆ. ಮಾಡುವವರು ಬೇಸಿಗೆಯಲ್ಲೇ ಕಾಲ್‌ಶೀಟ್ ಹಾಕಿಕೊಳ್ಳಿ, ಬೆಳಿಗ್ಗೆ 9ರಿಂದ 11ರ ಒಳಗೆ ಮುಗಿಸಿ. ಮೋಡ ಬಂದರೆ ಕಾಯುವುದೊಂದೇ ದಾರಿ. ಆ ಹೊತ್ತಿಗೆ ಬೆಳಕಿನ ಕೋಲು ಬೇಡದ ಕ್ಲೋಸಪ್‌ಗಳನ್ನು ಪಟ್ಟಿ ಮಾಡಿ ಇಟ್ಟುಕೊಂಡಿರಿ.